ನಾನು ಸೇರಿಸದ ಐದು ನಿಮಿಷ

ಆಫೀಸಿನಲ್ಲಿ ಅವರಿಗೆ ‘ಐದ್ನಿಮಿಷ’ ಎಂದು ಹೆಸರು. ಎದುರಿಗೆ ಸರ್, ಬೆನ್ನ ಹಿಂದೆ ಐದ್ನಿಮಿಷ. ಅವರಿಗೂ ಅದು ಗೊತ್ತಿತ್ತು. ಒಮ್ಮೆ ಯಾವುದೋ ಆಸ್ಪತ್ರೆಯವರು ಫೋನ್ ಮಾಡಿ ಅವರನ್ನು ಕೇಳಿದಾಗ ನಮ್ಮ ಗುಮಾಸ್ತ ಬಾಯಿತಪ್ಪಿ “ಐದ್ನಿಮಿಷ ಊಟಕ್ಕೆ ಹೋಗಿದಾರೆ” ಅಂದುಬಿಟ್ಟ. ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ನಕ್ಕರು. ಅಂಥ ಮನುಷ್ಯನ ಬಗ್ಗೆ ಬರೆಯಲು ನನಗಿಂತ ಯೋಗ್ಯತೆ ಇರುವವರು ಯಾರಾದರೂ ಸಿಕ್ಕಾರು. ಆದರೆ ಅವರಿಗೆ ಏನಾಯಿತು ಅನ್ನುವುದು ಪೂರ್ತಿ ಗೊತ್ತಿರುವುದು ನನಗೊಬ್ಬಳಿಗೇ. ಯಾಕೆಂದರೆ ಮಾಡಿದವಳು ನಾನೇ.

ನಮ್ಮದು ಥರ್ಮಾಮೀಟರ್ ಪರೀಕ್ಷೆ ಮಾಡುವ ಪ್ರಯೋಗಾಲಯ. ಜ್ವರ ನೋಡುವ ಕಡ್ಡಿಗಳಲ್ಲ. ಡೈರಿಯಲ್ಲಿ ಹಾಲು ಕಾಯಿಸುವ ಕಡೆ, ಆಸ್ಪತ್ರೆಯಲ್ಲಿ ಕತ್ತರಿ ಚಾಕುಗಳನ್ನು ಹಬೆಯಲ್ಲಿ ಬೇಯಿಸುವ ಕಡೆ, ಔಷಧಿ ಕಾರ್ಖಾನೆಯಲ್ಲಿ ಹಾಕಿರುತ್ತಾರಲ್ಲ, ತಟ್ಟೆಯಂಥ ಮುಖ, ಅದರಲ್ಲೊಂದು ಮುಳ್ಳು, ಹಿಂದೆ ಉದ್ದನೆಯ ಉಕ್ಕಿನ ಕಾಂಡ, ಅಂಥವು. ವರ್ಷಕ್ಕೊಮ್ಮೆ ಅವು ನಮ್ಮಲ್ಲಿಗೆ ಬರುತ್ತವೆ. ಅವು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ, ಸುಳ್ಳಾದರೆ ಎಷ್ಟು ಸುಳ್ಳು ಎಂದು ನೋಡಿ ಚೀಟಿ ಅಂಟಿಸಿ ಕಳಿಸುವುದು ನಮ್ಮ ಕೆಲಸ. ಅದಕ್ಕೊಂದು ಯಂತ್ರವಿದೆ. ನಾವು ಅದನ್ನು ಒಲೆ ಅನ್ನುತ್ತೇವೆ. ಚಪ್ಪಲಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದಷ್ಟು ದೊಡ್ಡದು. ಒಳಗೆ ತೂತುಗಳಿರುವ ಲೋಹದ ಗಟ್ಟಿ. ತೂತಿಗೆ ಥರ್ಮಾಮೀಟರಿನ ಕಾಂಡ ಇಳಿಸಿ, ನೂರಿಪ್ಪತ್ತು ಡಿಗ್ರಿ ಬೇಕು ಎಂದು ಗುಂಡಿ ಒತ್ತಿದರೆ ಗಟ್ಟಿ ಕಾಯುತ್ತಾ ಹೋಗಿ, ನೂರಿಪ್ಪತ್ತಕ್ಕೆ ನಿಂತು, ಅಲುಗಾಡದಿದ್ದಾಗ ಹಸಿರು ದೀಪ ಹತ್ತುತ್ತದೆ. ಆಗ ಮುಳ್ಳು ಎಲ್ಲಿದೆ ಎಂದು ಓದಿ ಬರೆದುಕೊಳ್ಳಬೇಕು.

ಎಲ್ಲರೂ ದೀಪ ಹತ್ತಿದ ಕೂಡಲೇ ಬರೆದುಕೊಳ್ಳುತ್ತಿದ್ದರು. ಇವರು ಮಾತ್ರ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ಕೈ ಕಟ್ಟಿ ಕೂರುತ್ತಿದ್ದರು.

“ದೀಪ ಬಂತಲ್ಲ ಸರ್,” ಅಂದರೆ, “ಇರಮ್ಮ, ಐದ್ ನಿಮಿಷ. ಒಲೆಗೆ ಬಿಸಿ ಆಗಿದೆ. ಇದಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ,” ಅನ್ನುತ್ತಿದ್ದರು.

ಈ ಮಾತನ್ನು ನಾನು ನಾಲ್ಕು ವರ್ಷ ದಿನಕ್ಕೆ ಹತ್ತು ಸಲ ಕೇಳಿದ್ದೇನೆ. ನಕ್ಕಿದ್ದೇನೆ. ಒಂದು ಸಲವೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ಅಪ್ಪನದು ಗಡಿಯಾರ ರಿಪೇರಿ ಅಂಗಡಿ. ಇವರು ಹನ್ನೆರಡನೇ ವಯಸ್ಸಿಗೇ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತವರು. ಕೈಗಡಿಯಾರ ರಿಪೇರಿ ಮಾಡಿಸುವವರೇ ಇಲ್ಲದ ಕಾಲ ಬಂದಾಗ ಅಂಗಡಿಗೆ ಬಾಗಿಲು ಹಾಕಿ ನಮ್ಮ ಪ್ರಯೋಗಾಲಯಕ್ಕೆ ಸೇರಿದರು. ಆಮೇಲೆ ಇಪ್ಪತ್ತಾರು ವರ್ಷ ಅದೇ ಕಿಟಕಿ, ಅದೇ ಸ್ಟೂಲು. ಥರ್ಮಾಮೀಟರಿನ ಮುಖದ ಮೇಲೆ ಒಂದು ಗೆರೆಗೂ ಇನ್ನೊಂದು ಗೆರೆಗೂ ನಡುವೆ ಇರುವ ಕೂದಲೆಳೆ ಜಾಗವನ್ನು ಕಣ್ಣಲ್ಲೇ ಹತ್ತು ಪಾಲು ಮಾಡಿ, “ನೂರಾ ಹತ್ತೊಂಬತ್ತು, ಪಾಯಿಂಟ್ ಏಳು” ಎಂದು ಓದುತ್ತಿದ್ದರು. ಬೇರೆ ಯಾವುದಕ್ಕೂ ಜಂಬ ಪಡದ ಮನುಷ್ಯನಿಗೆ ತಮ್ಮ ಕಣ್ಣಿನ ಬಗ್ಗೆ ಸಣ್ಣದೊಂದು ಜಂಬವಿತ್ತು. ಇದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಅದೇ ಕಣ್ಣು ಮನೆಯಲ್ಲೂ ಕೆಲಸ ಮಾಡುತ್ತಿತ್ತು. ಅವರ ಹೆಂಡತಿಗೆ, ನಾನು ಅಮ್ಮ ಅನ್ನುತ್ತಿದ್ದವರಿಗೆ, ಸಕ್ಕರೆ ಕಾಯಿಲೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಇನ್ಸುಲಿನ್ ಚುಚ್ಚುವುದು ಇವರೇ, ಹನ್ನೆರಡು ವರ್ಷದಿಂದ. ಅವರ ಮನೆ ಆಫೀಸಿಗೂ ನನ್ನ ಬಸ್ ನಿಲ್ದಾಣಕ್ಕೂ ನಡುವೆ ಇದ್ದುದರಿಂದ ಶನಿವಾರ ಸಂಜೆ ಟೀ ಕುಡಿಯಲು ಹೋಗುತ್ತಿದ್ದೆ, ನೋಡಿದ್ದೇನೆ. ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಹದಿನಾಲ್ಕನೇ ಗೆರೆಗೆ ತಂದು, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಮ್ಮ ತೋಳು ಒಡ್ಡಿಕೊಂಡೇ ಗೊಣಗುತ್ತಿದ್ದರು: “ಚುಚ್ಚೋದು ಒಂದು ಕ್ಷಣ. ನೋಡೋದು ಒಂದು ಗಂಟೆ. ನನ್ನ ಮುಖಾನ ಒಂದಿನ ಆದ್ರೂ ಹಿಂಗೆ ನೋಡಿದಾರಾ ಕೇಳಮ್ಮ.”

“ನಿನ್ನ ಮುಖದಲ್ಲಿ ಗೆರೆ ಇರ್ಲಿಲ್ಲ. ಈಗ ಬರ್ತಾ ಇದೆ, ನೋಡ್ತೀನಿ ಇರು,” ಅನ್ನುತ್ತಿದ್ದರು ಇವರು.

ಒಲೆಯನ್ನು ಕಂಪ್ಯೂಟರಿಗೆ ಜೋಡಿಸುವ ಆಲೋಚನೆ ಮ್ಯಾನೇಜರದು. ಯಾರೂ ಪಕ್ಕದಲ್ಲಿ ಕೂರಬೇಕಾಗಿಲ್ಲ. ಮೇಲಿನ ಮಹಡಿಯಿಂದಲೇ ಇಷ್ಟು ಡಿಗ್ರಿ ಎಂದು ಹೇಳಿದರೆ ಒಲೆ ಅಷ್ಟಕ್ಕೆ ಹೋಗಬೇಕು. ದೀಪ ಹತ್ತಿದಾಗ ಎದುರಿಗಿಟ್ಟ ಕ್ಯಾಮೆರಾ ಮುಳ್ಳಿನ ಚಿತ್ರ ತೆಗೆಯಬೇಕು. ಚಿತ್ರ ನೋಡಿ ಕಂಪ್ಯೂಟರೇ ಅಂಕಿ ಬರೆದುಕೊಂಡು ಮುಂದಿನ ಡಿಗ್ರಿಗೆ ಹೋಗಬೇಕು. ಮಾಡಬೇಕಾದವಳು ನಾನು. ನನಗೋ ಆಗ ಕಾಲು ನೆಲದ ಮೇಲೆ ಇರಲಿಲ್ಲ. ಹಿಂದೆ ಯಾರಿಗೂ ಒಪ್ಪಿಸದ ಕೆಲಸ ನನಗೆ ಒಪ್ಪಿಸಿದ್ದರು.

ಒಲೆಯ ಬೆನ್ನಲ್ಲಿ ಒಂಬತ್ತು ಪಿನ್ನಿನ ಸಾಕೆಟ್ ಇತ್ತು. ಕೇಬಲ್ ತಂದು ಸಿಕ್ಕಿಸಿದೆ. ಕಂಪ್ಯೂಟರಿನಿಂದ ‘ಯಾರು ನೀನು?’ ಎಂಬ ಆಜ್ಞೆ ಕಳಿಸಿದರೆ ಒಲೆ ತನ್ನ ಮಾಡೆಲ್ ನಂಬರ್ ಹೇಳಬೇಕು. ಹೇಳಲಿಲ್ಲ. ಮಾತು ಕಳಿಸುವ ವೇಗ ಬದಲಿಸಿದೆ, ಒಲೆಯ ಜೊತೆ ಬಂದ ಪುಸ್ತಕ ತಿರುವಿದೆ, ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಒಲೆಗೆ ಬಾಯಿಗೆ ಬಂದಂತೆ ಬೈದೆ. ಎರಡು ದಿನ ಅದು ತುಟಿ ಬಿಚ್ಚಲಿಲ್ಲ. ಮೂರನೇ ದಿನ ಐದ್ನಿಮಿಷ ಅಪ್ಪನ ಕಾಲದ ಮಸೂರ ತಂದು ಕೇಬಲ್ಲಿನ ತುದಿ ಬಿಚ್ಚಿ ನೋಡಿದರು.

“ಇದರ ಬಾಯಿಗೆ ಅದರ ಬಾಯಿ ಕಟ್ಟಿದೆ ಕಣಮ್ಮ, ಕಿವಿಗೆ ಕಿವಿ. ಇಬ್ಬರೂ ಮಾತಾಡ್ತಿದಾರೆ, ಕೇಳಿಸ್ಕೊಳ್ಳೋರು ಯಾರೂ ಇಲ್ಲ. ನಮ್ಮನೇಲೂ ಇದೇ ಕಾಯಿಲೆ.”

ಕಳಿಸುವ ತಂತಿ, ಪಡೆಯುವ ತಂತಿ ಎರಡನ್ನೂ ಅದಲು ಬದಲು ಮಾಡಿ ಅವರೇ ಬೆಸುಗೆ ಹಾಕಿಕೊಟ್ಟರು. ಎಳ್ಳುಕಾಳಿನಷ್ಟು ಪಿನ್ನುಗಳು. ಕೈ ನಡುಗಲಿಲ್ಲ, ಒಂದು ಹನಿ ಸೀಸ ಆಚೀಚೆ ಆಗಲಿಲ್ಲ. ಕೇಬಲ್ ಸಿಕ್ಕಿಸಿದ ಮರುಕ್ಷಣ ಒಲೆ ತನ್ನ ನಂಬರ್ ಹೇಳಿತು. ನಾನು ಕುಣಿದುಬಿಟ್ಟೆ. ಅವರು ಸ್ಟೂಲಿನ ಮೇಲೆ ಕೂತು ಕೇಳಿದರು: “ನನ್ನ ಐದು ನಿಮಿಷಾನೂ ಅದಕ್ಕೆ ಹೇಳ್ಕೊಡ್ತೀಯ ತಾನೇ?”

“ಕೊಡ್ತೀನಿ ಸರ್.”

ಮುಂದಿನ ಎರಡು ವಾರ ನಾನು ಅವರ ಪಕ್ಕದಲ್ಲಿ ಕೂತು ಅವರು ಮಾಡುವುದನ್ನೆಲ್ಲ ಪಟ್ಟಿ ಮಾಡಿದೆ. ಕಾಂಡ ಎಷ್ಟು ಆಳಕ್ಕೆ ಇಳಿಸುತ್ತಾರೆ, ಯಾವ ಡಿಗ್ರಿಯಿಂದ ಯಾವ ಡಿಗ್ರಿಗೆ ಹೋಗುತ್ತಾರೆ, ಹತ್ತುವಾಗ ಎಷ್ಟು ಸಲ, ಇಳಿಯುವಾಗ ಎಷ್ಟು ಸಲ ಓದುತ್ತಾರೆ, ಎಲ್ಲ. ಕೈ ಕಟ್ಟಿ ಕೂತದ್ದನ್ನು ಬರೆಯಲಿಲ್ಲ. ಸುಮ್ಮನೆ ಕೂರುವುದು ಕೆಲಸ ಅಂತ ನನಗೆ ಅನ್ನಿಸಲೇ ಇಲ್ಲ. ಒಲೆ ತಾನೇ ಅಲುಗಾಡದೆ ನಿಂತ ಮೇಲೆ ದೀಪ ಹಚ್ಚುತ್ತದಲ್ಲ, ಅದರಲ್ಲೇ ಕಾಯುವುದೂ ಸೇರಿತು ಅಂದುಕೊಂಡೆ. ಕಂಪ್ಯೂಟರ್ ಶುರು ಮಾಡುವ ದಿನ ಬೆಳಿಗ್ಗೆ ಮೆಟ್ಟಿಲ ಹತ್ತಿರ ಅವರು ಮತ್ತೆ ಕೇಳಿದರು: “ಐದು ನಿಮಿಷ ಸೇರಿಸಿದೀಯಾ?” ಮ್ಯಾನೇಜರ್ ಮೇಲಿನಿಂದ ಕರೆಯುತ್ತಿದ್ದರು. ನಾನು ಎರಡೆರಡು ಮೆಟ್ಟಿಲು ಹತ್ತುತ್ತಲೇ ಹೇಳಿದೆ: “ಸೇರಿಸಿದೀನಿ ಸರ್, ಎಲ್ಲಾ ಸೇರಿಸಿದೀನಿ.”

ಆ ಮಾತನ್ನು ಈಗ ಹಿಂದಕ್ಕೆ ತಗೊಳ್ಳಲು ನನ್ನ ಸಂಬಳ, ನನ್ನ ಹೆಸರು, ಏನು ಬೇಕಾದರೂ ಕೊಟ್ಟೇನು. ಆಗ ಅದು ಬಾಯಿಂದ ಬಿದ್ದದ್ದೂ ನನಗೆ ನೆನಪಿರಲಿಲ್ಲ.

ಹೊಸ ವ್ಯವಸ್ಥೆಯನ್ನು ನಂಬುವ ಮೊದಲು ಹೋಲಿಸಿ ನೋಡಬೇಕು ಎಂದು ನಿಯಮ. ನಲವತ್ತು ಥರ್ಮಾಮೀಟರುಗಳನ್ನು ಅವರು ಒಂದು ವಾರ ಓದಿದರು. ಅವೇ ನಲವತ್ತನ್ನು ಮುಂದಿನ ವಾರ ಕಂಪ್ಯೂಟರ್ ಓದಿತು. ಇಪ್ಪತ್ತೊಂಬತ್ತು ಕೂಡಿಬಂದವು. ಹನ್ನೊಂದು ಕೂಡಿಬರಲಿಲ್ಲ. ಅರ್ಧ ಡಿಗ್ರಿ, ಮುಕ್ಕಾಲು, ಒಂದರಲ್ಲಂತೂ ಹತ್ತಿರ ಹತ್ತಿರ ಒಂದು ಡಿಗ್ರಿ ವ್ಯತ್ಯಾಸ.

ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಹನ್ನೊಂದೂ ಚಿತ್ರಗಳನ್ನು ಮೇಜಿನ ಮೇಲೆ ಹರಡಿ ಅವರನ್ನೂ ನನ್ನನ್ನೂ ಕರೆಸಿದರು. ಮ್ಯಾನೇಜರ್ ಕೆಟ್ಟವರೇನಲ್ಲ. ದನಿ ಎತ್ತಲಿಲ್ಲ. “ನೀವೇ ನೋಡಿ ಸರ್. ನೀವು ಬರೆದಿರೋದು ನೂರಿಪ್ಪತ್ತು. ಚಿತ್ರದಲ್ಲಿ ಮುಳ್ಳು ಎಲ್ಲಿದೆ?”

ಅವರು ಚಿತ್ರ ಎತ್ತಿಕೊಂಡು ಓದಿದರು. “ನೂರಾ ಹತ್ತೊಂಬತ್ತು, ಪಾಯಿಂಟ್ ಎರಡು.”

“ಮತ್ತೆ?”

ಅವರು ನನ್ನ ಕಡೆ ತಿರುಗಿದರು. “ಐದು ನಿಮಿಷ ಆದ್ಮೇಲೆ ತೆಗೆದದ್ದು ತಾನೇ ಇದು?”

ಮೂರನೇ ಸಲ ಕೇಳಿದ್ದರು. ಆ ಗಳಿಗೆಯಲ್ಲಿ ನಾನು ಒಂದು ನಿಮಿಷ ಇರಿ, ನೋಡಿ ಹೇಳುತ್ತೇನೆ ಅಂದಿದ್ದರೆ ಮುಗಿಯುತ್ತಿತ್ತು. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ನನ್ನ ಕೆಲಸವನ್ನು ಅವರೆದುರಿಗೇ ಇವರು ಅನುಮಾನಿಸುತ್ತಾರಲ್ಲ ಎಂದು ನನಗೆ ಮೂಗಿನ ತುದಿಯಲ್ಲೇ ಇದ್ದ ಸಿಟ್ಟು ಬಂತು. “ಒಲೆ ಪೂರ್ತಿ ನಿಂತ ಮೇಲೇ ಸರ್ ತೆಗೆಯೋದು,” ಅಂದೆ. ಸುಳ್ಳಲ್ಲ. ಅವರು ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ.

ಅವರು ತಲೆಯಾಡಿಸಿದರು. ಚಿತ್ರಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ ಇಟ್ಟರು. “ಹಾಗಾದ್ರೆ ನನ್ನ ಕಣ್ಣೇ ಇರಬೇಕು,” ಅಂದರು.

ಹೊರಗೆ ಬಂದ ಮೇಲೆ ನನಗೆ ಪಾಪ ಅನ್ನಿಸಿತು. ಸಮಾಧಾನ ಬೇರೆ ಮಾಡಿದೆ! “ನಿಮ್ಮ ಕಣ್ಣು ಚೆನ್ನಾಗೇ ಇದೆ ಸರ್. ಯಾವಾಗ್ಲೋ ಒಂದ್ಸಲ ಎಲ್ಲರಿಗೂ ಆಗುತ್ತೆ. ನೀವು ತಲೆ ಕೆಡಿಸ್ಕೋಬೇಡಿ.” ನಾನು ಆಡಿದ್ದು ನನಗೇ ನಂಬಿಕೆಯಿಲ್ಲದ ಮಾತು, ಅದು ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಅವರನ್ನು ಕೆಳಗಿನ ಕೌಂಟರಿಗೆ ಹಾಕಿದರು. ಬಂದ ಪೆಟ್ಟಿಗೆ ಬಿಚ್ಚುವುದು, ಚೀಟಿ ಅಂಟಿಸುವುದು. ಮೂರು ವಾರ ಮಾಡಿದರು. ಒಂದು ದಿನ ನೋಡಿದೆ, ಚೀಟಿಯ ನಂಬರನ್ನು ಪಕ್ಕದವನಿಗೆ ತೋರಿಸಿ, “ಇದು ಮೂರೋ ಎಂಟೋ ಸ್ವಲ್ಪ ನೋಡಪ್ಪ,” ಅನ್ನುತ್ತಿದ್ದರು. ಅದು ನಾನು ನಿಂತಲ್ಲಿಗೂ ಕಾಣುವ ಮೂರು. ಕಣ್ಣಿನ ಡಾಕ್ಟರರ ಹತ್ತಿರ ಹೋದರಂತೆ. ವಯಸ್ಸಿಗೆ ತಕ್ಕ ಓದುವ ಕನ್ನಡಕ ಸಾಕು, ಬೇರೆ ದೋಷವಿಲ್ಲ ಎಂದು ಡಾಕ್ಟರ್ ಹೇಳಿದರಂತೆ. “ಒಳ್ಳೆ ಮನುಷ್ಯ ಡಾಕ್ಟರು, ನೋವಾಗೋ ಹಾಗೆ ಹೇಳಲ್ಲ,” ಎಂದು ಇವರು ನನಗೆ ಹೇಳಿದರು. ನಾಲ್ಕನೇ ವಾರ ರಾಜೀನಾಮೆ ಕೊಟ್ಟರು. ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇತ್ತು.

ಅವರು ಹೋಗಿ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಳ್ಳಲು ಶುರು ಮಾಡಿತು. ಅದು ಮುಗಿಯುವವರೆಗೆ ಒಲೆ ದೀಪ ಹತ್ತಿಸಿಕೊಂಡು ಇಪ್ಪತ್ತು ನಿಮಿಷ ಕಾದಿತ್ತು. ಆಮೇಲೆ ಕ್ಯಾಮೆರಾ ಚಿತ್ರ ತೆಗೆಯಿತು. ದಪ್ಪ ಕಾಂಡದ ಡೈರಿ ಥರ್ಮಾಮೀಟರ್. ಬೆಳಿಗ್ಗೆ ಮುಕ್ಕಾಲು ಡಿಗ್ರಿ ಕಡಿಮೆ ತೋರಿಸಿ ತಪ್ಪು ಎಂದು ಬರೆಸಿಕೊಂಡಿತ್ತು. ಈಗ ಮುಳ್ಳು ನೂರಿಪ್ಪತ್ತರ ಗೆರೆಯ ನೆತ್ತಿಯ ಮೇಲೆ ನಿಂತಿತ್ತು.

ಹಳೆಯ ಹನ್ನೊಂದರ ಕಡತ ತೆಗೆದೆ. ಹನ್ನೊಂದೂ ದಪ್ಪ ಕಾಂಡದವು. ಬಿಸಿ ಏರುವಾಗ ಕಂಪ್ಯೂಟರಿನ ಅಂಕಿ ಅವರದ್ದಕ್ಕಿಂತ ಕಡಿಮೆ, ಇಳಿಯುವಾಗ ಅವರದ್ದಕ್ಕಿಂತ ಜಾಸ್ತಿ. ಪ್ರತಿಯೊಂದರಲ್ಲೂ. ಕಣ್ಣು ಕೆಟ್ಟವನಿಗೆ ಹತ್ತುವಾಗ ಒಂದು ಥರ, ಇಳಿಯುವಾಗ ಒಂದು ಥರ ಕಾಣುತ್ತದೆಯೇ? ಗಟ್ಟಿ ಬಿಸಿಯಾಗಿತ್ತು, ದಪ್ಪ ಕಾಂಡಕ್ಕೆ ಸುದ್ದಿ ಮುಟ್ಟಿರಲಿಲ್ಲ. ನಾಲ್ಕು ವರ್ಷ ದಿನಕ್ಕೆ ಹತ್ತು ಸಲ ಹೇಳಿದ್ದರು. ಈ ಕಾಗದ ನನ್ನ ಮೇಜಿನಲ್ಲೇ ಇತ್ತು, ಒಂದು ಸಲ ಕಣ್ಣಾಡಿಸಿದ್ದರೆ ಸಾಕಿತ್ತು. ಕಣ್ಣು ಕೆಟ್ಟಿದ್ದು ಯಾರದು?

ಆಮೇಲೆ ಮಾಡಿದ್ದು ಇನ್ನೂ ನಾಚಿಕೆಗೇಡು. ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಸೇರಿಸಿದೆ: ದೀಪ ಹತ್ತಿದ ಮೇಲೆ ಮುನ್ನೂರು ಸೆಕೆಂಡು ತಡೆ. ಅಲ್ಲಿಯವರೆಗೆ ಹೋದ ದಪ್ಪ ಕಾಂಡದವನ್ನೆಲ್ಲ ವಾಪಸ್ ತರಿಸಿ ಮತ್ತೆ ಪರೀಕ್ಷೆ ಮಾಡಿ ಹೊಸ ಚೀಟಿ ಅಂಟಿಸಿದೆ. ಮ್ಯಾನೇಜರಿಗೆ, “ಕಾಯೋ ಸಮಯ ಸ್ವಲ್ಪ ಸುಧಾರಿಸಿದೀನಿ ಸರ್,” ಅಂದೆ. ಅವರು ಭೇಷ್ ಅಂದರು. ಅದು ಯಾರ ಐದು ನಿಮಿಷ ಎಂದು ಅವರು ಕೇಳಲಿಲ್ಲ, ನಾನು ಬಾಯಿ ಬಿಡಲಿಲ್ಲ.

ಹೋಗಿ ಹೇಳಬೇಕು ಅಂದುಕೊಂಡೆ. ಈ ಶನಿವಾರ, ಮುಂದಿನ ಶನಿವಾರ. ಅವರ ಬೀದಿ ತಪ್ಪಿಸಲು ಸುತ್ತು ಹಾಕಿ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯನ್ನೂ ಕಂಡುಕೊಂಡೆ. ಹೀಗೆ ಎಂಟು ತಿಂಗಳು ಕಳೆದೆ. ಬೈಸಿಕೊಳ್ಳುವ ಭಯವಲ್ಲ; ಅವರು ಬೈಯುವವರಲ್ಲ. ಅವರು ಬೈಯದೆ ಸುಮ್ಮನೆ ನೋಡಿದರೆ ಏನು ಮಾಡಲಿ ಎಂಬ ಭಯ.

ಕೊನೆಗೆ ಔಷಧಿ ಅಂಗಡಿಯಲ್ಲಿ ಅಮ್ಮ ಸಿಕ್ಕರು. ಇಳಿದುಹೋಗಿದ್ದರು.

“ಮನೆ ಕಡೆ ಬರೋದೇ ಬಿಟ್ಯಲ್ಲಮ್ಮ. ಇವರಂತೂ ಈಗ ಸಿರಿಂಜು ಮುಟ್ಟಲ್ಲ. ನನ್ನ ಕಣ್ಣು ನಂಬೋ ಹಾಗಿಲ್ಲ, ಹೆಚ್ಚು ಕಡಿಮೆ ಆದ್ರೆ ನಿನ್ನ ಪ್ರಾಣಕ್ಕೆ ಬರುತ್ತೆ ಅಂತಾರೆ. ಮೇಲಿನ ಮನೆ ನರ್ಸ್ ಬಂದು ಹಾಕ್ತಾಳೆ. ಪಾಪ, ಒಳ್ಳೇ ಹುಡುಗಿ. ಆದ್ರೆ ಓಡಿಬಂದು ಚುಚ್ಚಿ ಓಡ್ತಾಳೆ.” ಔಷಧಿಯ ಪೊಟ್ಟಣ ಚೀಲಕ್ಕೆ ಹಾಕಿಕೊಳ್ಳುತ್ತಾ ಹೇಳಿದರು: “ಇವರು ಕಿಟಕಿ ಹತ್ರ ನಿಂತು ನೋಡ್ತಿದ್ರಲ್ಲ, ಆಗ ಬೈತಿದ್ದೆ. ಈಗ ಅದೇ ಬೇಕು ಅನ್ಸುತ್ತೆ.”

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಏಳೂವರೆಗೇ ಕಡತ ಹಿಡಿದು ಅವರ ಮನೆಗೆ ಹೋದೆ. ಅದೇ ಎರಡು ಕೋಣೆ, ಗೋಡೆಯಲ್ಲಿ ಅವರ ಅಪ್ಪನ ನಾಲ್ಕು ಗಡಿಯಾರ. ಅವರು ನನ್ನನ್ನು ಕಂಡು ಎದ್ದು ನಿಂತರು. ಆಫೀಸಿನವರೆಲ್ಲ ಚೆನ್ನಾಗಿದ್ದಾರಾ, ಒಲೆ ಚೆನ್ನಾಗಿದೆಯಾ ಎಂದು ಕೇಳಿದರು. ಇನ್ನೊಂದು ಮಾತು ಅವರಿಂದ ಬಂದರೆ ನನಗೆ ಹೇಳಲು ಆಗುವುದಿಲ್ಲ ಅನ್ನಿಸಿ ನಿಂತಲ್ಲೇ ಹೇಳಿಬಿಟ್ಟೆ.

“ಸರ್, ನಿಮ್ಮ ಕಣ್ಣು ಸರಿ ಇತ್ತು. ತಪ್ಪು ನಂದು. ನಾನು ಐದು ನಿಮಿಷ ಸೇರಿಸಿರ್ಲಿಲ್ಲ.”

“ಸೇರಿಸಿದೀನಿ ಅಂದಿದ್ದೆಯಲ್ಲ.”

“ಸುಳ್ಳು ಹೇಳಿದೆ ಸರ್.”

ಅವರು ನನ್ನ ಮುಖ ನೋಡಿದರು. ಆಮೇಲೆ ನಕ್ಕರು, ಆ ನಗೆಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿದ್ದು. “ನೀನು ಕೆಲಸದಲ್ಲಿ ಸುಳ್ಳು ಹೇಳೋಳಲ್ಲ ಕಣಮ್ಮ. ನಾಲ್ಕು ವರ್ಷ ನೋಡಿದೀನಿ. ನಾನು ಸಿರಿಂಜು ಮುಟ್ಟಲ್ಲ ಅಂತ ಇವಳು ನಿನ್ನೆ ನಿನ್ನ ಹತ್ರ ಅಂದಳಂತೆ. ಅದಕ್ಕೆ ಈಗ ಬಂದಿದೀಯ.”

ಕಡತ ಬಿಚ್ಚಿ ಎರಡು ಚಿತ್ರ ಮುಂದಿಟ್ಟೆ. ಒಂದೇ ಥರ್ಮಾಮೀಟರ್, ಒಂದು ದೀಪ ಹತ್ತಿದಾಗ, ಇನ್ನೊಂದು ಐದು ನಿಮಿಷದ ನಂತರ. ಅವರು ಕನ್ನಡಕವನ್ನೂ ಹಾಕಿಕೊಳ್ಳದೆ ಕಿಟಕಿಗೆ ಹಿಡಿದು ಓದಿದರು: “ನೂರಾ ಹತ್ತೊಂಬತ್ತು ಪಾಯಿಂಟ್ ಎರಡು. ಇದು ನೂರಿಪ್ಪತ್ತು.” ಎರಡೂ ಸರಿ. ಓದಿ ಮುಗಿಸಿ ಚಿತ್ರಗಳನ್ನು ಹೆಂಡತಿಯ ಕಡೆ ಚಾಚಿದರು. “ಸರಿಯಾಗಿ ಓದಿದ್ನಾ ನೋಡು.”

ಅಮ್ಮ ಚಿತ್ರ ನೋಡಲಿಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಔಷಧಿ ಬಾಟಲಿ, ಹೊಸ ಸಿರಿಂಜು ಇಟ್ಟುಕೊಂಡು ಬಂದರು. “ಎಂಟು ಗಂಟೆ ಆಯ್ತು. ಇವತ್ತು ನೀವೇ ಹಾಕಿ. ಅವಳು ಸುಳ್ಳು ಹೇಳಿದಾಳೋ ನಿಜ ಹೇಳಿದಾಳೋ, ನನಗೆ ನೀವೇ ಹಾಕಬೇಕು.”

ಅವರು ಚಿತ್ರಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಆಮೇಲೆ ಕೈ ತೊಳೆದು ಬಂದು, ಸಿರಿಂಜು ತೆಗೆದು, ಔಷಧಿ ಎಳೆದು, ಕಿಟಕಿಯ ಬೆಳಕಿಗೆ ಹಿಡಿದರು. ಗುಳ್ಳೆ ಹೋಗಲೆಂದು ಉಗುರಿನಿಂದ ತಟ್ಟಿದರು. ಉಸಿರು ಬಿಗಿಹಿಡಿದರು. ಹದಿನಾಲ್ಕನೇ ಗೆರೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅಮ್ಮ ಆಗಲೇ ತೋಳು ಒಡ್ಡಿದ್ದರು.

“ಎಷ್ಟಿದೆ ನೋಡು,” ಎಂದು ನನ್ನ ಕಡೆ ಹಿಡಿದರು.

“ಹದಿನಾಲ್ಕು ಸರ್. ಸರಿಯಾಗಿದೆ.”

ನಾನು ಹೇಳಿದ ದನಿ ನನಗೇ ಕೇಳಿಸಿತು. ಆ ದಿನ ಮ್ಯಾನೇಜರ್ ಕೋಣೆಯ ಹೊರಗೆ ‘ನಿಮ್ಮ ಕಣ್ಣು ಚೆನ್ನಾಗೇ ಇದೆ ಸರ್’ ಅಂದಿದ್ದೆನಲ್ಲ, ಅದೇ ದನಿ. ಅವರಿಗೂ ಕೇಳಿಸಿರಬೇಕು. ಸಿರಿಂಜನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು ಬಾಗಿಲಿಗೆ ಹೋಗಿ ಮೇಲಿನ ಮನೆಗೆ ಕೂಗಿದರು. ನರ್ಸ್ ಒದ್ದೆ ಕೂದಲಲ್ಲೇ ಇಳಿದುಬಂದಳು. ಸಿರಿಂಜು ಎತ್ತಿ ನೋಡಿದಳು.

“ಸರಿಯಾಗೇ ಇದೆಯಲ್ಲ ಅಂಕಲ್. ನೀವೇ ಹಾಕ್ಬೋದಿತ್ತು.”

“ಇವಳೂ ಹಾಗೇ ಅಂದಳಮ್ಮ,” ಎಂದು ಅವರು ನನ್ನನ್ನು ತೋರಿಸಿ ನಕ್ಕರು. “ನಮ್ಮ ಆಫೀಸಿನ ಹುಡುಗಿ. ತುಂಬಾ ಒಳ್ಳೆಯವಳು. ನನಗೆ ಬೇಜಾರಾಗ್ಬಾರ್ದು ಅಂತ ಎಷ್ಟು ದೂರದಿಂದ ಬಂದಿದಾಳೆ ನೋಡು. ನೀನೇ ಹಾಕು.”

ಹೆಂಡತಿ ತೋಳು ಒಡ್ಡಿಕೊಂಡು ಅವರನ್ನೇ ನೋಡುತ್ತಿದ್ದರು. ಅವರು ನನ್ನ ಚಿತ್ರಗಳನ್ನು ಎತ್ತಿ, ಅಂಚು ಕೂಡಿಸಿ, ಕಡತದೊಳಗಿಟ್ಟು ನನ್ನ ಕೈಗೆ ಕೊಟ್ಟರು.